ರತ್‌ವೆಲ್ ಚರ್ಚಿನ ಶಿಲುಬೆಗಲ್ಲು: ಒಡೆದು ಹಾಕಿದ ಶಾಸನವೊಂದರ ಓದು

ಸ್ಕಾಟ್ಲೆಂಡಿನ ದಕ್ಷಿಣದ ಅಂಚಿನಲ್ಲಿ, ಡಂಫ್ರೀಸ್ ಮತ್ತು ಆನನ್ ಪಟ್ಟಣಗಳ ನಡುವೆ, ಸಾಲ್ವೇ ಕೊಲ್ಲಿಗೆ ಹತ್ತಿರವಾಗಿ ರತ್‌ವೆಲ್ ಅಂತ ಒಂದು ಹಳ್ಳಿ. ಬರೆಯುವುದು ಹಾಗೆ, ಊರವರ ಬಾಯಲ್ಲಿ ಅದು ‘ರಿವ್ವೆಲ್’. ಚರ್ಚು ಹಳ್ಳಿಯ ನಡುವೆ ಇಲ್ಲ, ಸ್ವಲ್ಪ ದೂರದಲ್ಲಿ ಹೊಲಗಳ ಮಧ್ಯೆ ಸಮಾಧಿಕಲ್ಲುಗಳ ಜೊತೆ ನಿಂತಿದೆ. ಹೊರಗಿನಿಂದ ನೋಡಿದರೆ ಅಂಥ ವಿಶೇಷವೇನೂ ಇಲ್ಲದ ಕಟ್ಟಡ. ಒಳಗೆ ಮಾತ್ರ ಸುಮಾರು ಐದೂವರೆ ಮೀಟರ್ ಎತ್ತರದ ಒಂದು ಕಲ್ಲಿನ ಶಿಲುಬೆ ಇದೆ. ಎಂಟನೆಯ ಶತಮಾನದ್ದು. ಅದರ ಮೈಮೇಲೆ ಎರಡು ಲಿಪಿ, ಎರಡು ಭಾಷೆ. ಹಳೆಯ ಇಂಗ್ಲಿಷಿನಲ್ಲಿ ನಮಗೆ ಸಿಕ್ಕಿರುವ ಅತಿ ಪ್ರಾಚೀನ ಪದ್ಯಪಾಠಗಳಲ್ಲಿ ಒಂದು ಇಲ್ಲಿದೆ, ಅದೂ ರೂನ್ ಲಿಪಿಯಲ್ಲಿ.

ಇಂಗ್ಲಿಷ್ ಪದ್ಯ ಸ್ಕಾಟ್ಲೆಂಡಿನಲ್ಲಿ ಏಕೆ ಅಂತ ಕೇಳಬಹುದು. ಆ ಕಾಲಕ್ಕೆ ಈಗಿನ ಗಡಿ ಇರಲಿಲ್ಲ. ಏಳನೆಯ ಶತಮಾನದ ಕೊನೆಯ ಹೊತ್ತಿಗೆ ಈ ಸೀಮೆ ನಾರ್ತಂಬ್ರಿಯಾ ಎಂಬ ಆಂಗ್ಲ ರಾಜ್ಯದ ಕೈಯಲ್ಲಿತ್ತು. ಹತ್ತಿರದ ಹಾಡಮ್‌ನಲ್ಲಿ ಅವರದೊಂದು ಮಠವಿತ್ತು, ಪಶ್ಚಿಮಕ್ಕೆ ವಿಟ್‌ಹಾರ್ನ್‌ನಲ್ಲಿ ಬಿಷಪ್ ಪೀಠ. ಕೊಲ್ಲಿಯ ಆಚೆ, ಈಗ ಇಂಗ್ಲೆಂಡಿಗೆ ಸೇರಿದ ಬ್ಯೂಕಾಸಲ್‌ನಲ್ಲಿ ಇದೇ ಶೈಲಿಯ, ರೂನ್ ಬರಹವೂ ಇರುವ ಇನ್ನೊಂದು ಸ್ತಂಭ ನಿಂತಿದೆ. ಇಬ್ಬರಲ್ಲಿ ಯಾರು ಯಾರನ್ನು ನೋಡಿ ಕೆತ್ತಿದರು ಅನ್ನುವ ಜಗಳ ಬೇರೆ. ಎರಡೂ ಒಂದೇ ಪರಂಪರೆಯ ಕೆಲಸ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಶಾಸನಾಸಕ್ತರಾಗಿ ಮೊದಲು ಗಮನಿಸಬೇಕಾದದ್ದು ಅಕ್ಷರಗಳ ಜೋಡಣೆ. ಕಂಬಕ್ಕೆ ಎರಡು ಅಗಲದ ಮುಖ, ಎರಡು ಕಿರಿದಾದ ಮುಖ. ಅಗಲದ ಮುಖಗಳಲ್ಲಿ ಚೌಕಟ್ಟು ಹಾಕಿ ಕೆತ್ತಿದ ಶಿಲ್ಪಪಟ್ಟಿಕೆಗಳಿವೆ: ಮೃಗಗಳ ಮೇಲೆ ನಿಂತ ಕ್ರಿಸ್ತ, ಅವನ ಪಾದವನ್ನು ಕೂದಲಿನಿಂದ ಒರೆಸುವ ಹೆಂಗಸು, ಹುಟ್ಟುಕುರುಡನಿಗೆ ದೃಷ್ಟಿ ಕೊಡುವುದು, ಮೇರಿಗೆ ದೇವದೂತ ಸುದ್ದಿ ಹೇಳುವುದು, ಮರುಭೂಮಿಯಲ್ಲಿ ರೊಟ್ಟಿ ಮುರಿದು ಹಂಚಿಕೊಳ್ಳುವ ಪೌಲ್ ಮತ್ತು ಆಂಟನಿ ಎಂಬ ಸಂನ್ಯಾಸಿಗಳು. ಹೆಚ್ಚಿನ ಪಟ್ಟಿಕೆಗಳ ಸುತ್ತಲಿನ ಅಂಚಿನಲ್ಲಿ ರೋಮನ್ ಅಕ್ಷರದ ಲ್ಯಾಟಿನ್ ಬರಹ ಇದೆ. ಅದು ಚಿತ್ರ ಏನು ಅಂತ ಹೇಳುತ್ತದೆ, ಹೆಚ್ಚಿನ ಕಡೆ ಬೈಬಲಿನ ಮಾತನ್ನೇ ಹತ್ತಿರದಿಂದ ಅನುಸರಿಸಿ. ಕ್ರಿಸ್ತ ಮತ್ತು ಮೃಗಗಳ ಪಟ್ಟಿಕೆಯದು ಸ್ವಲ್ಪ ಭಿನ್ನ. ಅಲ್ಲಿ ಕ್ರಿಸ್ತನನ್ನು ನ್ಯಾಯದ ತೀರ್ಪುಗಾರ ಅಂತ ಕರೆದು, ಕಾಡಿನ ಮೃಗಗಳೂ ಸರ್ಪಗಳೂ ಅವನನ್ನು ಗುರುತಿಸಿದವು ಎಂದು ಬರೆದಿದ್ದಾರೆ. ಕಾಲಕೆಳಗಿನ ಪ್ರಾಣಿಗಳು ತುಳಿತಕ್ಕೆ ಸಿಕ್ಕ ಶತ್ರುಗಳಲ್ಲ, ಗುರುತು ಹಿಡಿದು ಮುಂಗಾಲು ಜೋಡಿಸಿಕೊಂಡ ಸಾಕ್ಷಿಗಳು. ಬರಹ ಇಲ್ಲದಿದ್ದರೆ ಆ ಶಿಲ್ಪವನ್ನು ನಾವು ತಿರುಗುಮುರುಗಾಗಿ ಅರ್ಥ ಮಾಡಿಕೊಳ್ಳುತ್ತಿದ್ದೆವು.

ಕಿರಿದಾದ ಮುಖಗಳ ಕಥೆಯೇ ಬೇರೆ. ಮಧ್ಯದಲ್ಲಿ ದ್ರಾಕ್ಷಿಬಳ್ಳಿ ಸುರುಳಿ ಸುರುಳಿಯಾಗಿ ಮೇಲೇರುತ್ತದೆ, ಸುರುಳಿಯೊಳಗೆ ಹಕ್ಕಿಗಳು, ಪ್ರಾಣಿಗಳು ಹಣ್ಣು ತಿನ್ನುತ್ತಿವೆ. ಅಂಚಿನಲ್ಲಿ ರೂನ್. ಆದರೆ ಆ ರೂನ್ ಅಕ್ಷರಗಳು ಅಂಚಿನ ಉದ್ದಕ್ಕೆ ಹರಿಯುವುದಿಲ್ಲ. ಅಡ್ಡಡ್ಡಲಾಗಿ, ಒಂದು ಸಾಲಿಗೆ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಅಕ್ಷರ ಇಟ್ಟು, ಒಂದರ ಕೆಳಗೆ ಒಂದು ಸಾಲು ಇಳಿಯುತ್ತಾ ಹೋಗುತ್ತವೆ. ಪದಗಳ ನಡುವೆ ಬಿಡುವಿಲ್ಲ. ಪದ ಎಲ್ಲಿ ಬೇಕಾದರೂ ಮುರಿದು ಮುಂದಿನ ಸಾಲಿಗೆ ಬೀಳುತ್ತದೆ. ಕಿರಿದಾದ ಕಂಬದ ಮೇಲೆ ಕೆತ್ತಿದ ಶಾಸನ ಓದಿ ಅಭ್ಯಾಸ ಇರುವವರಿಗೂ ಇದು ತ್ರಾಸದಾಯಕ. ಮುನ್ನೂರಕ್ಕೂ ಹೆಚ್ಚು ಅಕ್ಷರಗಳ ಪಾಠವನ್ನು ಹೀಗೆ ತುಂಡು ತುಂಡಾಗಿ ಕೂಡಿಸಿ ಓದಬೇಕು.

ಲಿಪಿಕಾರನ ಕಿವಿ ಮಾತ್ರ ಸೂಕ್ಷ್ಮ. ಕ ಮತ್ತು ಗ ವರ್ಗದ ಧ್ವನಿಗಳು ಹಳೆಯ ಇಂಗ್ಲಿಷಿನಲ್ಲಿ ಕೆಲವೆಡೆ ಗಂಟಲ ಕಡೆಗೆ, ಕೆಲವೆಡೆ ತಾಲವ್ಯದ ಕಡೆಗೆ ಜಾರುತ್ತಿದ್ದವು. ರೋಮನ್ ಲಿಪಿಯಲ್ಲಿ ಬರೆಯುವವರು ಎರಡಕ್ಕೂ ಒಂದೇ ಅಕ್ಷರ ಬಳಸಿ ಸುಮ್ಮನಾದರು. ಈ ಮನುಷ್ಯ ಬೇರೆ ಬೇರೆ ರೂನ್ ಬಳಸಿದ್ದಾನೆ. ರಾಜ ಎಂಬ ಅರ್ಥದ ಪದದ ಮೊದಲ ಅಕ್ಷರಕ್ಕಂತೂ ಒಂದು ವಿಶೇಷ ರೂಪವನ್ನೇ ಕೆತ್ತಿದ್ದಾನೆ. ಉಚ್ಚಾರಣೆಯ ಬಗ್ಗೆ ಇಷ್ಟು ಯೋಚಿಸಿದವನು ಓದುಗನ ಕಣ್ಣಿನ ಬಗ್ಗೆ ಯಾಕೆ ಯೋಚಿಸಲಿಲ್ಲ? ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಬರಹದ ವಿಷಯ ಇದು. ಕ್ರಿಸ್ತನನ್ನು ಏರಿಸಿದ ಮರವೇ ಮಾತಾಡುತ್ತದೆ. ತನ್ನ ಒಡೆಯ ತಾನಾಗಿ ಬಂದು ಏರಿದನೆಂದೂ, ಬಾಗಬಹುದಿತ್ತು ಆದರೆ ಧೈರ್ಯ ಮಾಡಲಿಲ್ಲವೆಂದೂ, ಇಬ್ಬರನ್ನೂ ಜನ ಹೀಯಾಳಿಸಿದರೆಂದೂ, ತಾನು ರಕ್ತದಲ್ಲಿ ತೊಯ್ದೆನೆಂದೂ ಅದು ಹೇಳಿಕೊಳ್ಳುತ್ತದೆ. ನಮ್ಮ ದಾನಶಾಸನಗಳಲ್ಲಿ ರಾಜ ಮಾತಾಡಬಹುದು, ಕವಿ ಮಾತಾಡಬಹುದು. ಕಲ್ಲು ‘ನಾನು’ ಅನ್ನುವುದು ಅಪರೂಪ. ಇಲ್ಲಿ ಕಲ್ಲಿನ ಶಿಲುಬೆ ಮರದ ಶಿಲುಬೆಯ ಪರವಾಗಿ ‘ನಾನು’ ಅನ್ನುತ್ತಿದೆ.

ಇನ್ನು ಒಡೆದ ಕಥೆ. 1640ರಲ್ಲಿ ಆಬರ್ಡೀನ್‌ನಲ್ಲಿ ಸೇರಿದ ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆ, ವಿಗ್ರಹಾರಾಧನೆಗೆ ಎಡೆಕೊಡುವ ಸ್ಮಾರಕಗಳನ್ನು ಕೆಡವಬೇಕೆಂದು ನಿರ್ಣಯ ಮಾಡಿತು. ರತ್‌ವೆಲ್‌ನಲ್ಲಿ ಏನೂ ಆಗಲಿಲ್ಲ. 1642ರ ಸಭೆಯಲ್ಲಿ ಈ ಊರಿನ ಕಲ್ಲನ್ನೇ ಹೆಸರಿಸಿ ಆದೇಶ ಬಂತು. ಎರಡು ವರ್ಷ ತಡೆದು, ಮತ್ತೊಮ್ಮೆ ಹೇಳಿಸಿಕೊಂಡ ಮೇಲೆ ಕಂಬ ಉರುಳಿತು. ಆಗ ಇಲ್ಲಿ ಪಾದ್ರಿಯಾಗಿದ್ದವನು ಗ್ಯಾವಿನ್ ಯಂಗ್. 1617ರಿಂದ 1671ರವರೆಗೆ ಅವನದೇ ಪ್ಯಾರಿಷ್. ಈ ಐವತ್ತನಾಲ್ಕು ವರ್ಷಗಳಲ್ಲಿ ಸ್ಕಾಟ್ಲೆಂಡಿನ ಚರ್ಚು ಬಿಷಪ್ಪರನ್ನು ಓಡಿಸಿತು, ಕ್ರಾಮ್‌ವೆಲ್ ಬಂದುಹೋದ, ಬಿಷಪ್ಪರು ವಾಪಸ್ಸು ಬಂದರು. ಎಷ್ಟೋ ಪಾದ್ರಿಗಳು ಕೆಲಸ ಕಳೆದುಕೊಂಡರು. ಯಂಗ್ ಅಲ್ಲಾಡಲಿಲ್ಲ. ಕಲ್ಲಿನ ವಿಷಯದಲ್ಲೂ ಅವನದು ಅದೇ ಜಾಣತನ ಅಂತ ನನಗೆ ಅನ್ನಿಸುತ್ತದೆ. ಆದೇಶ ಪಾಲಿಸಿದ, ಆದರೆ ಪುಡಿ ಮಾಡಿಸಲಿಲ್ಲ. ದೊಡ್ಡ ದೊಡ್ಡ ತುಂಡುಗಳಾಗಿ ಚರ್ಚಿನ ಒಳಗೇ ಬಿದ್ದಿರಲು ಬಿಟ್ಟ. ಜನ ಅವುಗಳ ಮೇಲೆ ಕೂತು ಪ್ರವಚನ ಕೇಳಿದರು. ಕೆತ್ತನೆಯ ಬಹುಪಾಲು ಉಳಿದಿರುವುದು ಈ ಅರೆಮನಸ್ಸಿನ ವಿಧೇಯತೆಯಿಂದ.

ಯಂಗ್ ಮತ್ತು ಅವನ ಹೆಂಡತಿ ಜೀನ್ ಸ್ಟೂವರ್ಟ್ ಇಬ್ಬರ ಸಮಾಧಿಬರಹವೂ ಇದೇ ಚರ್ಚಿನದು, ಅದೂ ಓದತಕ್ಕದ್ದೇ. ಗಂಡನ ಹೆಸರನ್ನು ಲ್ಯಾಟಿನ್ ಮಾಡಿ ‘ಗಾವಿನುಸ್ ಯೂನಿಯುಸ್’ ಅಂತ ಬರೆದು, ಅದೇ ಅಕ್ಷರಗಳನ್ನು ಕಲಸಿ ‘ಊನಿಯುಸ್ ಆಗ್ನಿ ಊಸುಯಿ’ ಎಂದು ಮಾಡಿದ್ದಾರೆ, ಅಂದರೆ ‘ಒಂದೇ ಕುರಿಮರಿಯ ಸೇವೆಗೆ’. ರೋಮನ್ ಅಕ್ಷರ ಹಾಕಿ ಎಣಿಸಿ ನೋಡಿದೆ. ಹದಿಮೂರಕ್ಕೆ ಹದಿಮೂರು, ಒಂದೂ ತಪ್ಪಿಲ್ಲ. ಕುರಿಮರಿ ಅಂದರೆ ಕ್ರಿಸ್ತ. ಒಡೆದು ಬಿದ್ದಿದ್ದ ಶಿಲುಬೆಯ ಮೇಲೂ ಕುರಿಮರಿಯನ್ನು ಹಿಡಿದ ಆಕೃತಿಯೊಂದಿದೆ, ಅದು ಕಾಕತಾಳೀಯ ಅಷ್ಟೇ. ಅದೇ ಬರಹ ತಮ್ಮ ಸುತ್ತ ಮಲಗಿರುವ ಮೂವತ್ತೊಂದು ಮಕ್ಕಳನ್ನೂ ಹೇಳುತ್ತದೆ. ಪದಚಮತ್ಕಾರ ನೋಡಿ ನಗು ಬರುವ ಹೊತ್ತಿಗೆ ಈ ಸಂಖ್ಯೆ ಬಂದು ನಿಲ್ಲಿಸುತ್ತದೆ.

ಥಾಮಸ್ ಪೆನ್ನಂಟ್ 1772ರ ಪ್ರವಾಸದಲ್ಲಿ ಇಲ್ಲಿಗೆ ಬಂದಾಗ ತುಂಡುಗಳು ಇನ್ನೂ ಚರ್ಚಿನಲ್ಲಿದ್ದವು. ಅದಾದ ಮೇಲೆ ಕಟ್ಟಡದ ರಿಪೇರಿ ನೆಪದಲ್ಲಿ ಅವು ಅಂಗಳಕ್ಕೆ ಬಿದ್ದವು. ಮಳೆ, ಹಿಮ, ಪಾಚಿ. ನೂರಮೂವತ್ತು ವರ್ಷ ಚಾವಣಿಯ ಕೆಳಗೆ ಉಳಿದದ್ದು, ಕೆಲವೇ ದಶಕಗಳಲ್ಲಿ ಬಯಲಿನಲ್ಲಿ ಸವೆಯಿತು. ಹಾಗಾಗಿ ಅದಕ್ಕೂ ಹಿಂದೆ ಯಾರು ಯಾರು ನಕಲು ಮಾಡಿಕೊಂಡಿದ್ದರು ಅನ್ನುವುದು ಮುಖ್ಯವಾಗುತ್ತದೆ. ಸುಮಾರು 1600ರಲ್ಲಿ, ಕಲ್ಲು ಇನ್ನೂ ನಿಂತಿದ್ದಾಗಲೇ, ಆಪಲ್ಬಿಯ ಶಾಲಾಮಾಸ್ತರ ರೆಜಿನಾಲ್ಡ್ ಬೈನ್‌ಬ್ರಿಗ್ ಕೆಲವು ಅಕ್ಷರ ಬರೆದುಕೊಂಡಿದ್ದ. 1697ರಲ್ಲಿ ವಿಲಿಯಂ ನಿಕೊಲ್ಸನ್ ಬಂದು ನಕಲು ಮಾಡಿದ, ಅದರ ಆಧಾರದ ಮೇಲೆ 1703ರಲ್ಲಿ ಜಾರ್ಜ್ ಹಿಕ್ಸ್‌ನ ಗ್ರಂಥದಲ್ಲಿ ರೂನ್‌ಗಳು ಅಚ್ಚಾದವು. 1726ರಲ್ಲಿ ಅಲೆಕ್ಸಾಂಡರ್ ಗಾರ್ಡನ್, 1789ರಲ್ಲಿ ಕಾರ್ಡೊನೆಲ್ ಚಿತ್ರ ಕೊಟ್ಟರು. ಇವರಲ್ಲಿ ಯಾರಿಗೂ ತಾವು ಬರೆಯುತ್ತಿರುವುದು ಏನು ಅಂತ ತಿಳಿದಿರಲಿಲ್ಲ. ತಿಳಿಯದೆಯೇ ಅಕ್ಷರದ ಆಕಾರ ಬರೆದದ್ದರಿಂದ ಈಗ ಅವು ನಂಬಿಕೆಗೆ ಅರ್ಹ, ಅರ್ಥಕ್ಕೆ ತಕ್ಕಂತೆ ತಿದ್ದುವ ಆಸೆ ಅವರಿಗೆ ಹುಟ್ಟುವ ಹಾಗಿರಲಿಲ್ಲವಲ್ಲ.

1799ರಲ್ಲಿ ಹೊಸ ಪಾದ್ರಿ ಬಂದ, ಹೆನ್ರಿ ಡಂಕನ್. ಇವನಿಗಿಂತ ಹಿಂದಿನ ಪಾದ್ರಿ ಜಾನ್ ಕ್ರೇಗ್. ಕವಿ ರಾಬರ್ಟ್ ಬರ್ನ್ಸ್ ಸಾಯುವ ಮುಂಚೆ, 1796ರ ಜುಲೈನಲ್ಲಿ, ಈ ಪ್ಯಾರಿಷ್ಷಿನ ಬ್ರೌ ಎಂಬಲ್ಲಿಯ ಖನಿಜಜಲದ ಬಾವಿಗೆ ಔಷಧಿ ನೀರು ಕುಡಿಯಲು ಬಂದಾಗ ಚಹಾಕ್ಕೆ ಹೋಗಿದ್ದು ಕ್ರೇಗನ ಮನೆಗೇ. ಡಂಕನ್ ಕ್ರೇಗನ ಮಗಳನ್ನು ಮದುವೆಯಾದ. ಪಾದ್ರಿಯಾಗುವ ಮುಂಚೆ ಲಿವರ್‌ಪೂಲಿನ ಬ್ಯಾಂಕೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದ್ದವನು. ಆ ಅನುಭವ ಸುಮ್ಮನೆ ಹೋಗಲಿಲ್ಲ. ಆಗಿನ ಬ್ಯಾಂಕುಗಳಲ್ಲಿ ಖಾತೆ ತೆರೆಯಲು ಹತ್ತು ಪೌಂಡ್ ಬೇಕು, ಕೂಲಿಯವನ ಕೈಯಲ್ಲಿ ಅಷ್ಟು ಎಂದೂ ಇರುವುದಿಲ್ಲ. 1810ರಲ್ಲಿ ಡಂಕನ್ ರತ್‌ವೆಲ್‌ನ ಒಂದು ಸಣ್ಣ ಮನೆಯಲ್ಲಿ ಆರು ಪೆನ್ನಿಯಿಂದ ಖಾತೆ ತೆರೆಯಬಹುದಾದ ಉಳಿತಾಯ ಬ್ಯಾಂಕ್ ಶುರು ಮಾಡಿದ. ಹಣದ ಪೆಟ್ಟಿಗೆಗೆ ಮೂರು ಬೀಗ, ಮೂವರು ಸೇರದೆ ತೆಗೆಯುವ ಹಾಗಿಲ್ಲ. ಮೊದಲ ವರ್ಷದ ಠೇವಣಿ 151 ಪೌಂಡ್. ಉಳಿತಾಯ ಬ್ಯಾಂಕುಗಳ ಚರಿತ್ರೆ ಬರೆಯುವವರು ಈ ಹಳ್ಳಿಯಿಂದಲೇ ಶುರುಮಾಡುತ್ತಾರೆ.

ಕಲ್ಲಿನ ಮೇಲೂ ಅವನ ಕಣ್ಣು ಬಿತ್ತು. 1802ರ ಹೊತ್ತಿಗೆ ತುಂಡುಗಳನ್ನು ಪಾದ್ರಿಮನೆಯ ತೋಟಕ್ಕೆ ಸಾಗಿಸಿದ. ಒಂದು ತುಂಡು ಸಿಕ್ಕ ರೀತಿ ಅವನ ಬರಹದಿಂದಲೇ ತಿಳಿಯುತ್ತದೆ: ಊರಿನ ಬಡ ದಂಪತಿ ಒಂದೆರಡು ದಿನಗಳ ಅಂತರದಲ್ಲಿ ತೀರಿಕೊಂಡರು, ಇಬ್ಬರನ್ನೂ ಒಂದೇ ಗುಂಡಿಯಲ್ಲಿಡಲು ಮಾಮೂಲಿಗಿಂತ ಆಳವಾಗಿ ತೋಡಬೇಕಾಯಿತು, ಗುದ್ದಲಿಗೆ ಸಿಕ್ಕಿದ್ದು ಕುರಿಮರಿ ಹಿಡಿದ ಆಕೃತಿಯ ಮೇಲ್ಭಾಗ. 1823ರಲ್ಲಿ ಎಲ್ಲವನ್ನೂ ಜೋಡಿಸಿ ತೋಟದಲ್ಲಿ ನಿಲ್ಲಿಸಿದ.

ಇಲ್ಲಿ ನಾನು ಡಂಕನ್ ಜೊತೆ ಸ್ವಲ್ಪ ಜಗಳ ಆಡಬೇಕು. ಶಿಲುಬೆಯ ಅಡ್ಡತೋಳು ಸಿಕ್ಕಿರಲಿಲ್ಲ. ಅವನು ತಾನೇ ಒಂದು ವಿನ್ಯಾಸ ಮಾಡಿ, ಊರಿನ ಕಲ್ಲುಕುಟಿಗನಿಂದ ಹೊಸ ಅಡ್ಡತೋಳು ಕೆತ್ತಿಸಿ ಕೂರಿಸಿದ. ಅದರ ಮಧ್ಯದ ತ್ರಿಕೋನಕ್ಕೂ ಎಂಟನೆಯ ಶತಮಾನಕ್ಕೂ ಸಂಬಂಧವಿಲ್ಲ. ಮೇಲಿನ ತುದಿಯ ಕಲ್ಲನ್ನು ಹಿಂದುಮುಂದಾಗಿ ಇಟ್ಟ. ಈಗಲೂ ಅದು ಹಾಗೇ ಇದೆ: ಸುವಾರ್ತಿಕ ಯೋಹಾನ ಮತ್ತು ಅವನ ಹದ್ದು ಒಂದು ಕಡೆ ಇರಬೇಕಿತ್ತು, ಇನ್ನೊಂದು ಕಡೆ ನೋಡುತ್ತಿವೆ. ಅಡ್ಡತೋಳೇ ಅವನ ಊಹೆಯಾದ್ದರಿಂದ, ಇದು ಮೊದಲಿನಿಂದಲೂ ಶಿಲುಬೆಯೇ ಆಗಿತ್ತೇ ಅನ್ನುವ ಪ್ರಶ್ನೆಯನ್ನೂ ಇತ್ತೀಚೆಗೆ ಫ್ರೆಡ್ ಆರ್ಟನ್ ಎತ್ತಿದ್ದಾರೆ. ಕಂಬ ಎರಡು ಕಲ್ಲುಗಳಿಂದಾದದ್ದು, ಕೆಳಗಿನದಕ್ಕೂ ಮೇಲಿನದಕ್ಕೂ ಬಣ್ಣ ಬೇರೆ. ಮೊದಲು ಬರೀ ಸ್ತಂಭವಾಗಿದ್ದು, ಆಮೇಲೆ ಶಿಲುಬೆಯ ತಲೆ ಪಡೆದಿರಬಹುದು ಎನ್ನುವುದು ಅವರ ವಾದ. ಡಂಕನ್ ತೋಳು ಹಚ್ಚದೆ ಬಿಟ್ಟಿದ್ದರೆ ಈ ವಾದವನ್ನು ಜನ ಇನ್ನೂ ಬೇಗ ಕೇಳುತ್ತಿದ್ದರು. ಆದರೆ ಅವನು ಕೂಡಿಸದೆ ಬಿಟ್ಟಿದ್ದರೆ ವಾದ ಮಾಡಲು ಕಲ್ಲೇ ಇರುತ್ತಿರಲಿಲ್ಲ, ಅದೂ ನಿಜ.

(ಇದೇ ಡಂಕನ್ 1828ರಲ್ಲಿ ಕಾರ್ನ್‌ಕಾಕಲ್ ಕಲ್ಲುಗಣಿಯ ಮರಳುಗಲ್ಲಿನ ಮೇಲೆ ಮೂಡಿದ್ದ ಪ್ರಾಣಿಯ ಹೆಜ್ಜೆಗುರುತುಗಳ ಬಗ್ಗೆ ಎಡಿನ್‌ಬರೋದಲ್ಲಿ ಪ್ರಬಂಧ ಓದಿಸಿದ. ಪಳೆಯುಳಿಕೆ ಹೆಜ್ಜೆಗಳ ಮೊದಲ ವೈಜ್ಞಾನಿಕ ವರದಿಗಳಲ್ಲಿ ಅದು ಸೇರಿದೆ. ಆಕ್ಸ್‌ಫರ್ಡಿನ ಬಕ್‌ಲೆಂಡ್ ಅದನ್ನು ಪರೀಕ್ಷಿಸಲು ಹಿಟ್ಟಿನ ಮುದ್ದೆಯ ಮೇಲೆ ಆಮೆಗಳನ್ನು ನಡೆಸಿದನಂತೆ. ಕಲ್ಲಿನ ಮೇಲಿನ ಗೀರು ಕಂಡರೆ ಬಿಡದ ಮನುಷ್ಯ.)

ಈಗ ಓದಿನ ವಿಷಯ. ಡಂಕನ್ ಚಿತ್ರಸಹಿತ ವಿವರಣೆ ಸಿದ್ಧಪಡಿಸಿ 1830ರ ದಶಕದ ಆರಂಭದಲ್ಲಿ ಪ್ರಕಟಿಸಿದ. ಓದಲು ಹೊರಟವರು ಐಸ್‌ಲೆಂಡಿನ ಪಂಡಿತರು. ರೂನ್ ಅಂದರೆ ಸ್ಕ್ಯಾಂಡಿನೇವಿಯನ್ ಅನ್ನುವ ನಂಬಿಕೆ ಆಗ ಗಟ್ಟಿಯಾಗಿತ್ತು. ಥೋರ್ಲೀಫ್ ರೆಪ್‌ನ ಓದಿನಲ್ಲಿ ಇದು ಸ್ನಾನಸಂಸ್ಕಾರದ ಪಾತ್ರೆ, ದನ, ಜಮೀನು ಇತ್ಯಾದಿಗಳ ದಾನಶಾಸನವಾಯಿತು. ಆ ದಾನಭೂಮಿ ಇರುವ ಕಣಿವೆಗೊಂದು ಹೆಸರೂ ಹುಟ್ಟಿತು, ಅಂಥ ಕಣಿವೆ ಎಲ್ಲೂ ಇಲ್ಲ. ಫಿನ್ನೂರ್ ಮಾಗ್ನುಸನ್ ಇನ್ನೂ ಮುಂದೆ ಹೋಗಿ ಒಂದು ಇತಿಹಾಸವನ್ನೇ ಕಟ್ಟಿದ. ಇಬ್ಬರೂ ದಡ್ಡರಲ್ಲ, ಅಕ್ಷರಗಳಲ್ಲಿ ಬಹಳಷ್ಟನ್ನು ಸರಿಯಾಗಿಯೇ ಗುರುತಿಸಿದ್ದರು. ಭಾಷೆ ತಪ್ಪು ಹಿಡಿದರು, ಆದ್ದರಿಂದ ಪದಚ್ಛೇದ ತಪ್ಪಿತು, ಪದಚ್ಛೇದ ತಪ್ಪಿದ ಮೇಲೆ ಉಳಿದದ್ದೆಲ್ಲ ತಾನಾಗಿ ಹಾಳಾಯಿತು. ಶಾಸನ ಅಂದಮೇಲೆ ದಾನವೇ ಇರಬೇಕು ಅನ್ನುವ ನಿರೀಕ್ಷೆಯೂ ಕೆಲಸ ಮಾಡಿರಬೇಕು. ಬಿಡುವಿಲ್ಲದೆ ಬರೆದ, ಅಲ್ಲಲ್ಲಿ ತ್ರುಟಿತವಾದ ಸಾಲನ್ನು ಎಲ್ಲಿ ಕಡಿಯುವುದು ಎಂದು ತಲೆ ಕೆಡಿಸಿಕೊಂಡ ಯಾರಿಗೂ ಇದು ಅಪರಿಚಿತವಲ್ಲ.

1840ರಲ್ಲಿ ಜಾನ್ ಮಿಚೆಲ್ ಕೆಂಬಲ್ ಎಂಬ ಇಂಗ್ಲಿಷ್ ವಿದ್ವಾಂಸ ಇದು ಹಳೆಯ ಇಂಗ್ಲಿಷ್, ಅದರಲ್ಲೂ ನಾರ್ತಂಬ್ರಿಯಾದ ಉಪಭಾಷೆ, ಮತ್ತು ಇದು ಪದ್ಯ ಎಂದು ತೋರಿಸಿದ. ಬರೀ ವ್ಯಾಕರಣ ಮತ್ತು ಛಂದಸ್ಸಿನ ಬಲದಿಂದ ಮಾಡಿದ ಓದು ಅದು. ಇದಾದ ಸ್ವಲ್ಪ ಕಾಲಕ್ಕೇ ಪುರಾವೆ ಸಿಕ್ಕಿತು, ಬಹಳ ದೂರದಿಂದ. ಇಟಲಿಯ ಉತ್ತರದಲ್ಲಿ ವೆರ್ಚೆಲ್ಲಿ ಎಂಬ ಊರಿನ ಕ್ಯಾಥೆಡ್ರಲ್ ಗ್ರಂಥಾಲಯದಲ್ಲಿ 1822ರಲ್ಲಿ ಫ್ರೀಡ್ರಿಖ್ ಬ್ಲೂಮ ಎಂಬ ಜರ್ಮನ್ ವಿದ್ವಾಂಸ ಹತ್ತನೆಯ ಶತಮಾನದ ಉತ್ತರಾರ್ಧದ ಒಂದು ಹಳೆಯ ಇಂಗ್ಲಿಷ್ ಹಸ್ತಪ್ರತಿಯನ್ನು ಕಂಡುಹಿಡಿದಿದ್ದ. ಅದರಲ್ಲಿ, ಕನಸಿನಲ್ಲಿ ಶಿಲುಬೆ ಮಾತಾಡುವ 156 ಸಾಲಿನ ಒಂದು ಕಾವ್ಯ ಇತ್ತು. ಅಚ್ಚಾದ ಪಾಠ ಕೈಗೆ ಬಂದಾಗ ಕೆಂಬಲ್‌ಗೆ ಕಂಡದ್ದು ತಾನು ಕಲ್ಲಿನಿಂದ ಓದಿದ್ದ ಸಾಲುಗಳೇ. ತಿದ್ದಬೇಕಾಗಿ ಬಂದದ್ದು ಕೆಲವೇ ಅಕ್ಷರ. ಶಾಸನ ಓದುವವರ ಜೀವನದಲ್ಲಿ ಇಂಥ ಪರೀಕ್ಷೆ ಬಹಳ ಅಪರೂಪ, ಪಾಸಾಗುವುದು ಇನ್ನೂ ಅಪರೂಪ. ಮೂರನೆಯ ಸಾಕ್ಷಿಯೂ ಇದೆ: ಬ್ರಸೆಲ್ಸ್‌ನಲ್ಲಿರುವ ಒಂದು ಆಂಗ್ಲ ಶಿಲುಬೆಯ ಬೆಳ್ಳಿಪಟ್ಟಿಯ ಮೇಲೆ ಇದಕ್ಕೆ ಹತ್ತಿರದ ಸಾಲುಗಳಿವೆ, ಮಾಡಿದವನ ಹೆಸರು ದ್ರಾಹ್ಮಲ್ ಅಂತಲೂ ಇದೆ.

ಹೆಸರಿನ ಆಸೆ ಇಲ್ಲೂ ಹುಟ್ಟಿತು. ಡೇನ್ಮಾರ್ಕಿನಲ್ಲಿ ನೆಲೆಸಿದ್ದ ಜಾರ್ಜ್ ಸ್ಟೀಫನ್ಸ್, ರತ್‌ವೆಲ್‌ನ ತುದಿಕಲ್ಲಿನ ಸವೆದ ರೂನ್‌ಗಳಲ್ಲಿ ‘ಕ್ಯಾಡ್ಮನ್ ನನ್ನನ್ನು ಮಾಡಿದ’ ಎಂಬ ಅರ್ಥ ಓದಿದ. ಬೀಡ್ ವರ್ಣಿಸುವ, ದನ ಕಾಯುತ್ತಿದ್ದು ಕವಿಯಾದ ಕ್ಯಾಡ್ಮನ್! ಹತ್ತೊಂಬತ್ತನೆಯ ಶತಮಾನದ ಓದುಗರಿಗೆ ಇದಕ್ಕಿಂತ ಸಿಹಿಸುದ್ದಿ ಬೇರೆ ಇರಲಿಲ್ಲ. ಆ ಓದು ನಿಲ್ಲಲಿಲ್ಲ, ಕಲ್ಲಿನ ಮೇಲೆ ಆ ಅಕ್ಷರಗಳಿಲ್ಲ. ಹಳೆಯ ಪುಸ್ತಕಗಳಲ್ಲಿ ಮಾತ್ರ ಇನ್ನೂ ಸಿಗುತ್ತದೆ, ಕಂಡರೆ ಹುಷಾರಾಗಿರಿ.

ಮುಂಚೆ ಎತ್ತಿದ ಪ್ರಶ್ನೆಗೆ ಬರೋಣ. ರೂನ್‌ಗಳು ಮೂಲ ಯೋಜನೆಯಲ್ಲೇ ಇದ್ದವೇ? ಪಾಲ್ ಮೆವಾರ್ಟ್ ಇಲ್ಲ ಅನ್ನುತ್ತಾರೆ. ಪ್ಯಾಟ್ರಿಕ್ ಕಾನರ್ 2008ರಲ್ಲಿ ಅವನ್ನು ಹತ್ತನೆಯ ಶತಮಾನದವರೆಗೂ ಇಳಿಸಿದರು. ಅಡ್ಡ ಸಾಲಿನ ಇಕ್ಕಟ್ಟಾದ ಜೋಡಣೆ ಅವರ ಬಲವಾದ ಅಸ್ತ್ರ: ಮೊದಲೇ ಯೋಚಿಸಿದ್ದರೆ ಉದ್ದಕ್ಕೆ ಬರೆಯುತ್ತಿದ್ದರು. ನಿಂತಿರುವ ಕಂಬದ ಮೇಲೆ ಏಣಿ ಹಾಕಿಕೊಂಡು ಕೆತ್ತುವವನಿಗೆ ಅಡ್ಡಸಾಲೇ ಸಲೀಸು. ಈ ತರ್ಕ ನನಗೆ ಒಪ್ಪಿಗೆ. ಆದರೆ ಹತ್ತನೆಯ ಶತಮಾನ ಒಪ್ಪಿಗೆ ಇಲ್ಲ. ಪದಾಂತ್ಯಗಳು ಹಳೆಯವು, ಮತ್ತು ಬಳ್ಳಿಯ ಎರಡೂ ಬದಿಗೆ ಅಷ್ಟು ಅಗಲದ ಖಾಲಿ ಅಂಚನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಏನಾದರೂ ಬರೆಯಲೆಂದೇ ಜಾಗ ಬಿಟ್ಟಿದ್ದರು, ಕಂಬ ನಿಂತ ಮೇಲೆ, ಒಂದೆರಡು ತಲೆಮಾರಿನೊಳಗೆ, ಇನ್ನೊಬ್ಬ ಕೈ ಬಂದು ಅದನ್ನು ತುಂಬಿಸಿತು ಅಂತ ನನ್ನ ಎಣಿಕೆ. ಹಾಗಾದರೆ ಲ್ಯಾಟಿನ್ ಬರೆದವನೂ ರೂನ್ ಬರೆದವನೂ ಬೇರೆ ಬೇರೆ ಓದುಗರನ್ನು ನೆನೆದಿದ್ದರು ಅನ್ನಬೇಕಾಗುತ್ತದೆ.

ಡಂಕನ್ ತೋಟದ ಶಿಲುಬೆಯನ್ನು ಕೊನೆತನಕ ನೋಡಿಕೊಂಡು ಇರಲಿಲ್ಲ. ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನ್ದಾರನದೋ ಸಭೆಯದೋ ಎನ್ನುವ ಜಗಳದಲ್ಲಿ 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆಯಿತು. ನಾನ್ನೂರಕ್ಕೂ ಹೆಚ್ಚು ಪಾದ್ರಿಗಳು ಸಂಬಳ, ಮನೆ ಎರಡನ್ನೂ ಬಿಟ್ಟು ಹೊರನಡೆದರು. ಡಂಕನ್ ಅವರಲ್ಲೊಬ್ಬ, ನಾಲ್ಕು ವರ್ಷ ಹಿಂದೆ ಅದೇ ಚರ್ಚಿನ ಮಹಾಸಭೆಗೆ ಅಧ್ಯಕ್ಷನಾಗಿದ್ದವನು. ಅವನನ್ನು ರತ್‌ವೆಲ್‌ಗೆ ತಂದದ್ದೂ ಜಮೀನ್ದಾರ ಮ್ಯಾನ್ಸ್‌ಫೀಲ್ಡ್ ಅರ್ಲ್‌ನ ನೇಮಕಾತಿಯೇ. ಎಪ್ಪತ್ತರ ಹತ್ತಿರದಲ್ಲಿ, ನಲವತ್ತನಾಲ್ಕು ವರ್ಷ ಬಾಳಿದ ಮನೆ ಬಿಟ್ಟು, ಮೌಂಟ್ ಕೆಡಾರ್‌ನಲ್ಲಿ ಹೊಸ ಸಭೆ ಕಟ್ಟಿಕೊಂಡ. ಶಿಲುಬೆ ಹಳೆಯ ಮನೆಯ ತೋಟದಲ್ಲೇ ಉಳಿಯಿತು. 1846ರಲ್ಲಿ ಅವನು ತೀರಿಕೊಂಡ.

ಮುಂದಿನ ನಲವತ್ತು ವರ್ಷವೂ ಕಲ್ಲು ಮಳೆಯಲ್ಲೇ ನೆನೆಯಿತು. 1887ರಲ್ಲಿ ಪಾದ್ರಿ ಜೇಮ್ಸ್ ಮ್ಯಾಕ್‌ಫರ್ಲನ್ ಕಾಲದಲ್ಲಿ ಚರ್ಚಿಗೆ ಅರೆವೃತ್ತಾಕಾರದ ಹೊಸ ಕೋಣೆಯೊಂದನ್ನು ಕಟ್ಟಿ ಅದನ್ನು ಒಳಗೆ ತಂದರು. ಚಾವಣಿಗಿಂತ ಕಲ್ಲು ಎತ್ತರವಾದ್ದರಿಂದ ನೆಲವನ್ನು ಅಗೆದು, ತಗ್ಗಿನಲ್ಲಿ ನಿಲ್ಲಿಸಿದರು. ಇದರಿಂದ ಓದುವವರಿಗೊಂದು ಅನುಕೂಲವಾಗಿದೆ: ಚರ್ಚಿನ ನೆಲದ ಮೇಲೆ ನಿಂತರೆ ಕಣ್ಣು ಕಂಬದ ನಡುಭಾಗದ ಎತ್ತರಕ್ಕೆ ಬರುತ್ತದೆ. ತೀರಾ ಸವೆದುಹೋದ ಶಿಲುಬೆಗೇರಿಸುವ ಪಟ್ಟಿಕೆ ಕೆಳಗೆ ಗುಂಡಿಯ ಮಟ್ಟದಲ್ಲಿದೆ. ರೂನ್‌ಗಳನ್ನು ಓದಬೇಕೆಂದಿದ್ದರೆ ಕಿರಿದಾದ ಮುಖದ ಬಲ ಅಂಚಿನ ಮೇಲ್ತುದಿಯಿಂದ ಶುರು ಮಾಡಿ ಸಾಲು ಸಾಲಾಗಿ ಇಳಿಯಬೇಕು, ಆಮೇಲೆ ಎಡ ಅಂಚಿಗೆ ಬರಬೇಕು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿಗೆ ಅಕ್ಷರ ಕಾಣುವುದಿಲ್ಲ.